ಮಂಡಿ ಚೀಟಿಯೂ ಇನ್ಸರ್ಟ್ ಆರ್ ಕೀಲಿಯೂ

ಹೊಸನಗರ ಕಡೆಯ ಹುಡುಗನೊಬ್ಬ ಶಿವಮೊಗ್ಗಕ್ಕೆ ಬಂದು ನನ್ನ ಹತ್ತಿರ ಕಂಪ್ಯೂಟರ್ ಕಲಿಯುತ್ತಾನೆ. ಕಣ್ಣು ಕಾಣುವುದಿಲ್ಲ, ಲೆಕ್ಕದಲ್ಲಿ ಭಾರಿ ಚುರುಕು. ಮನೆಯ ಅಡಿಕೆ ಲೆಕ್ಕವೆಲ್ಲ ಅವನದೇ. ಒಂದು ದಿನ ಅವನ ಅಪ್ಪಯ್ಯ ಮಂಡಿಯ ಚೀಟಿಯನ್ನು ಫೋಟೊ ಹೊಡೆದು ವಾಟ್ಸಾಪ್‌ಗೆ ಕಳಿಸಿದರು. "ಗ್ರಾಫಿಕ್ ಅಂತಷ್ಟೇ ಹೇಳ್ತಿದೆ ಸರ್" ಅಂದ ಹುಡುಗ.

ಹಾಗೆ ಹೇಳುವುದು ಸ್ಕ್ರೀನ್ ರೀಡರ್, ಕಣ್ಣು ಕಾಣದವರಿಗೆ ಕಂಪ್ಯೂಟರನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. ಅದು ಪರದೆಯನ್ನು ನೋಡುವುದಿಲ್ಲ. ಇದು ಯಾವ ಬಟನ್, ಇಲ್ಲಿ ಏನು ಬರೆದಿದೆ ಅಂತ ತಂತ್ರಾಂಶವನ್ನೇ ಕೇಳಿ ನಮಗೆ ಹೇಳುತ್ತದೆ. ಫೋಟೊ ಏನು ಉತ್ತರ ಕೊಟ್ಟೀತು? ಅದಕ್ಕೇ ಒಸಿಆರ್ ಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ವಿದ್ಯೆ. ನಾವು ಬಳಸುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರಿಗೆ 2017ರಲ್ಲಿ ಅದು ಬಂತು. ವಿಂಡೋಸ್ 10ರೊಳಗೇ ಇರುವ ಗುರುತಿಸುವಿಕೆಯನ್ನು ಎನ್‌ವಿಡಿಎ ಕೀ ಜೊತೆ ಆರ್ ಒತ್ತಿ ಕರೆಯಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಎನ್‌ವಿಡಿಎ ಕೀ ಅಂದರೆ ಇನ್ಸರ್ಟ್. ಇಂಟರ್‌ನೆಟ್ ಬೇಡ. ಜೋರು ಮಳೆಗೆ ನೆಟ್‌ವರ್ಕ್ ಕೈಕೊಡುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬ್ಯಾಂಕಿನ ಕಾಗದ ಯಾರದೋ ಸರ್ವರ್‌ಗೆ ಹೋಗುವ ಭಯವೂ ಇಲ್ಲ.

ಇದನ್ನೆಲ್ಲ ಎನ್‌ವಿಡಿಎ ಒಳಗೇ ತುಂಬುವುದು ಯಾಕೆ, ಬೇಕಾದವರು ಆಡ್-ಆನ್ (ಬೇರೆಯಾಗಿ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಹಾಕಿಕೊಳ್ಳಲಿ ಅನ್ನುವವರಿದ್ದಾರೆ. ಕಲಿಸುವವನ ಕಷ್ಟ ಅವರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಆಡ್-ಆನ್ ಅನ್ನುವುದೊಂದಿದೆ ಎಂದು ತಿಳಿಯುವಷ್ಟರಲ್ಲೇ ಅರ್ಧ ಜನ ಕಂಪ್ಯೂಟರ್ ಮುಚ್ಚಿಟ್ಟಿರುತ್ತಾರೆ. ವರ್ಷದ ಮೊದಲ ಆವೃತ್ತಿ ಬಂದಾಗ ಹಳೆಯ ಆಡ್-ಆನ್‌ಗಳು ಕೆಲಸ ನಿಲ್ಲಿಸುವುದೂ ಉಂಟು. ಆಗ ಫೋನ್ ಬರುವುದು ನನಗೆ! ಇನ್ನೊಂದು ವಾದದಲ್ಲಿ ಹುರುಳಿದೆ: ಒಸಿಆರ್ ಇದ್ದರೆ ತಂತ್ರಾಂಶ ಮಾಡುವವರು ಬಟನ್‌ಗೆ ಹೆಸರಿಡುವುದನ್ನೇ ಬಿಡುತ್ತಾರೆ ಅಂತ. ಆದರೆ ಅವರು ಸರಿಹೋಗುವ ತನಕ ನನ್ನ ಹುಡುಗರು ಕಾಯುತ್ತಾ ಕೂರಬೇಕಾ? ಗುರುತಿಸಿದ ಪದದ ಮೇಲೆ ಎಂಟರ್ ಒತ್ತಿದರೆ ಹೆಸರಿಲ್ಲದ ಬಟನ್ನೂ ಎಷ್ಟೋ ಸಲ ಕೆಲಸ ಮಾಡುತ್ತದೆ. ಹಾಗಾಗಿ ಒಳಗೇ ಇರಲಿ ಅನ್ನುವುದು ನನ್ನ ಮತ.

ನನ್ನ ತಕರಾರು ಬೇರೆ. ವಿಂಡೋಸ್‌ನ ಆ ಗುರುತಿಸುವಿಕೆಗೆ ಕನ್ನಡ ಬರುವುದಿಲ್ಲ. ನಮಗೋ ಕನ್ನಡಕ್ಕೇ ಇದು ಜಾಸ್ತಿ ಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ನೋಡುವವರಿಗೆ ಕನ್ನಡ, ಸ್ಕ್ರೀನ್ ರೀಡರ್‌ಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅಂಥ ಕಡತವನ್ನು ಚಿತ್ರವೆಂದುಕೊಂಡೇ ಓದಿಸಬೇಕು. ಕನ್ನಡ ಗುರುತಿಸುವ ಟೆಸೆರಾಕ್ಟ್ ಅನ್ನುವ ಒಸಿಆರ್ 2005ರಿಂದಲೇ ಮುಕ್ತ ತಂತ್ರಾಂಶ. ಅದನ್ನೂ ಒಳಗೇ ಸೇರಿಸಬಹುದಲ್ಲ. ದ-ಧ, ಬ-ಭಗಳಲ್ಲಿ ಒಂದು ಸೀಳಿನಷ್ಟೇ ವ್ಯತ್ಯಾಸ, ಮೇಲೆ ಒತ್ತಕ್ಷರದ ಕಾಟ, ತಪ್ಪು ಬರುತ್ತದೆ ನಿಜ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವಾ?

ಹುಡುಗನ ಚೀಟಿಗೆ ಬರುತ್ತೇನೆ. ಇನ್ಸರ್ಟ್ ಆರ್ ಒತ್ತಿದ. ರಾಶಿ, ಬೆಟ್ಟೆ ಅನ್ನುವ ಅಡಿಕೆ ಬಗೆಯ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಆದವು. ಅಂಕಿಗಳು ಮಾತ್ರ ಬಂದವು: 2 ಕ್ವಿಂಟಾಲ್, ದರ 43,500, ಒಟ್ಟು 97,000. ನಾನು ಖುಷಿಯಲ್ಲಿ "ನೋಡಪ್ಪಾ, ಬಂತು" ಅಂದೆ. ಅವನು ಕೀಲಿಯಿಂದ ಬೆರಳು ಎತ್ತಲಿಲ್ಲ.

"ಸರ್, ಎರಡು ಕ್ವಿಂಟಾಲಿಗೆ ಎಂಬತ್ತೇಳು ಆಗಬೇಕು. ತೊಂಬತ್ತೇಳು ಹೇಗೆ?"

ಮನೆಗೆ ಫೋನ್ ಮಾಡಿ ಚೀಟಿ ಓದಿಸಿದ. "ನಲವತ್ತೆಂಟೂವರೆ ಸಾವಿರ ಮಾರಾಯ, ಎಂಟು ಅದು, ಮೂರಲ್ಲ" ಅಂದರಂತೆ ಅಪ್ಪಯ್ಯ. ಗುರುತಿಸಿದ್ದು ಬರೀ ಅಂದಾಜು ಅಂತ ಪಾಠ ಮಾಡಬೇಕಿದ್ದವನು ನಾನು.