ಮೊದಲು ಚುಕ್ಕಾಣಿ, ಆಮೇಲೆ ಹಾಯಿ

ಮಾಸ್ಟನ್ನು (ಹಾಯಿಕಂಬವನ್ನು) ಪಕ್ಕದಿಂದ ಹಿಡಿದಿಡುವ ತಂತಿ, ಅಂದರೆ ಶ್ರೌಡ್, ಕಿತ್ತುಹೋದ ಸದ್ದು ಕೇಳಿದ ಕೂಡಲೇ "ಹಾಯಿ ಇಳಿಸಿ, ಹಾಯಿ ಇಳಿಸಿ" ಎಂದು ಕೂಗುವವರು ಪ್ರತಿ ರೇಸಿಂಗ್ ದೋಣಿಯಲ್ಲೂ ಒಬ್ಬರಾದರೂ ಇರುತ್ತಾರೆ. ಎಷ್ಟು ಹೇಳಿದರೂ ಬದಲಾಗದ ಚಾಳಿ ಇದು. ಹಾಯಿ ಇಳಿಯಲು ಅರ್ಧ ನಿಮಿಷ ಬೇಕು. ಆಧಾರ ತಪ್ಪಿದ ಮಾಸ್ಟ್ ಅಷ್ಟು ಹೊತ್ತು ಕಾಯುತ್ತದೆಯೇ?

ಗಾಳಿಗೆದುರಾಗಿ ಸಾಗುವಾಗ ಗಾಳಿ ಬೀಸುವ ಬದಿಯ ಶ್ರೌಡ್ ಭಾರ ಹೊತ್ತಿರುತ್ತದೆ, ಆಚೆ ಬದಿಯದು ಸಡಿಲವಾಗಿರುತ್ತದೆ. ಭಾರ ಹೊತ್ತದ್ದು ತುಂಡಾದರೆ ತಕ್ಷಣ ಟ್ಯಾಕ್ ಮಾಡಿ, ಅಂದರೆ ಮೂತಿಯನ್ನು ಗಾಳಿಯ ಮೂಲಕ ದಾಟಿಸಿ ಗಾಳಿ ಇನ್ನೊಂದು ಬದಿಯಿಂದ ಬೀಸುವಂತೆ ತಿರುಗಿಸಿ. ದೋಣಿ ಮಗ್ಗುಲು ಬದಲಿಸಿದೊಡನೆ ಭಾರ ಗಟ್ಟಿ ಇರುವ ಶ್ರೌಡ್‌ಗೆ ಬೀಳುತ್ತದೆ, ಮುರಿದದ್ದು ಕೆಲಸವಿಲ್ಲದೆ ನೇತಾಡುತ್ತದೆ. ಮೇಲೆ ನೋಡುವುದು, ಚರ್ಚಿಸುವುದು, ಹಾಯಿ ಇಳಿಸುವುದು ಎಲ್ಲ ಆಮೇಲೆ. ಬಳಿಕ ಸ್ಪಿನೇಕರ್ ಹ್ಯಾಲ್ಯಾರ್ಡನ್ನು (ಮುಂದಿನ ಬಲೂನಿನಂಥ ಹಾಯಿಯನ್ನು ಏರಿಸುವ ಹಗ್ಗವನ್ನು) ಮುರಿದ ಬದಿಯ ಚೈನ್‌ಪ್ಲೇಟಿಗೆ (ಶ್ರೌಡನ್ನು ದೋಣಿಗೆ ಬಿಗಿಯುವ ಲೋಹದ ಪಟ್ಟಿಗೆ) ಕಟ್ಟಿ ವಿಂಚ್‌ನಿಂದ ಬಿಗಿ ಮಾಡಿ. ಪಕ್ಕದಲ್ಲಿ ಬೇರೆ ದೋಣಿಗಳಿದ್ದರೆ ಕೂಗಿ ಹೇಳಿ. ಟ್ಯಾಕ್ ಮಾಡುವವನೇ ದಾರಿ ಬಿಡಬೇಕೆಂಬ ನಿಯಮ ಆಗಲೂ ತಪ್ಪುವುದಿಲ್ಲ.

ಫೋರ್‌ಸ್ಟೇ, ಅಂದರೆ ಮಾಸ್ಟನ್ನು ಮುಂದಿನಿಂದ ಹಿಡಿದ ತಂತಿ, ಹೋದರೆ ಲೆಕ್ಕ ಬೇರೆ. ಕೂಡಲೇ ಗಾಳಿಗೆ ಬೆನ್ನು ಕೊಟ್ಟು ತಿರುಗಿಸಿ, ಮೇನ್‌ಶೀಟ್ (ಮೇನ್ ಹಾಯಿ ಎಳೆಯುವ ಹಗ್ಗ) ಮತ್ತು ಬ್ಯಾಕ್‌ಸ್ಟೇ (ಮಾಸ್ಟನ್ನು ಹಿಂದಿನಿಂದ ಹಿಡಿದ ತಂತಿ) ಸಡಿಲಿಸಿ. ಜಿಬ್ (ಮುಂದಿನ ಹಾಯಿ) ಇಳಿಸಬೇಡಿ, ಆ ಗಳಿಗೆಯಲ್ಲಿ ಮಾಸ್ಟನ್ನು ಮುಂದಿನಿಂದ ಹಿಡಿದಿರುವುದು ಅದರ ಅಂಚೇ. ಬ್ಯಾಕ್‌ಸ್ಟೇ ಹೋದರೆ ಇದಕ್ಕೆ ತದ್ವಿರುದ್ಧ: ಗಾಳಿಯತ್ತ ಮೂತಿ ತಿರುಗಿಸಿ, ಮೇನ್‌ಶೀಟ್ ಎಳೆದು ಬಿಗಿಯಿರಿ. ಆಗ ಮೇನ್ ಹಾಯಿಯ ಹಿಂಬದಿ ಅಂಚೇ ಬ್ಯಾಕ್‌ಸ್ಟೇ ಆಗುತ್ತದೆ. ಎರಡೂ ಕಡೆ ಮೊದಲು ತಿರುಗಬೇಕಾದ್ದು ಚುಕ್ಕಾಣಿ. ಸ್ಪ್ರೆಡರ್‌ಗಳು (ಶ್ರೌಡ್‌ಗಳನ್ನು ಮಾಸ್ಟಿನಿಂದ ದೂರ ಹಿಡಿಯುವ ಅಡ್ಡ ಕೋಲುಗಳು) ಹಿಂದಕ್ಕೆ ಬಾಗಿ, ಬ್ಯಾಕ್‌ಸ್ಟೇ ಇಲ್ಲದ ದೋಣಿಗಳಲ್ಲಿ ಅದರ ಕೆಲಸವನ್ನೂ ಶ್ರೌಡ್‌ಗಳೇ ಮಾಡುತ್ತವೆ. ಹಾಗಾಗಿ ಶ್ರೌಡ್ ಮುರಿದ ಮೇಲೆ ಗಾಳಿಗೆ ಪೂರ್ತಿ ಬೆನ್ನು ಹಾಕಿ ಓಡಿಸುವ ಮುನ್ನ ಯೋಚಿಸಿ.

ಇಷ್ಟಕ್ಕೂ ತಂತಿ ನಡುವೆ ತುಂಡಾಗುವುದು ಅಪರೂಪ. ಹೋಗುವುದು ತುದಿಯಲ್ಲಿ. ಕೆಳಗಿನ ಸ್ವೇಜ್ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಕೊಳವೆ) ಬಾಯಿಯಲ್ಲಿ ಉಪ್ಪುನೀರು ಇಳಿದು ನಿಂತು ಒಳಗಿನಿಂದ ತಿನ್ನುತ್ತದೆ. ಹತ್ತೊಂಬತ್ತು ಎಳೆಯ ಸ್ಟೀಲ್ ತಂತಿಯ ಮೇಲೆ ಟಿಶ್ಯೂ ಕಾಗದ ಸವರಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆಯೊಂದು ಕಡಿದಿದೆ. ಒಂದೇ ಎಳೆ ತಾನೇ ಎನ್ನಬೇಡಿ, ಮಿಕ್ಕವೂ ಅಷ್ಟೇ ದಣಿದಿರುತ್ತವೆ. ತಂತಿ ಪೂರ್ತಿ ಬದಲಿಸಿ. ತಂತಿ ಬಿಗಿ ಮಾಡುವ ಬಾಟಲ್ ಸ್ಕ್ರೂ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್‌ಗಳನ್ನು ಮತ್ತೆ ಬಳಸಲೇಬೇಡಿ. ಅವುಗಳ ಕಾಲನ್ನು ಸ್ವಲ್ಪವೇ ಅಗಲಿಸಿ, ಸುತ್ತಿ ಮಡಚಿದರೆ ತುರ್ತಿನಲ್ಲಿ ಬಿಚ್ಚಲು ಬರುವುದಿಲ್ಲ.

ಮಾಸ್ಟ್ ಬಿದ್ದೇಬಿಟ್ಟರೆ? 2018ರ ಸೆಪ್ಟೆಂಬರ್ 21ರಂದು ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿದ್ದ ಭಾರತದ ಅಭಿಲಾಷ್ ಟೋಮಿಯವರ ದೋಣಿ 'ತುರಿಯಾ' ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಮಾಸ್ಟ್ ಕಳೆದುಕೊಂಡಿತು. ಬೆನ್ನಿಗೆ ಪೆಟ್ಟಾದ ಅವರನ್ನು ಫ್ರೆಂಚ್ ಹಡಗು 'ಒಸಿರಿಸ್' 24ರಂದು ರಕ್ಷಿಸಿತು. ಅದೇ ಗಾಳಿಯಲ್ಲಿ ಮಾಸ್ಟ್ ಕಳೆದುಕೊಂಡ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಕೈಗೆ ಸಿಕ್ಕಿದ್ದರಲ್ಲೇ ತಾತ್ಕಾಲಿಕ ಹಾಯಿ ಕಟ್ಟಿ ಟೋಮಿಯವರತ್ತ ಹೊರಟಿದ್ದರು. ಬಿದ್ದ ಮಾಸ್ಟ್ ಅಲೆಗೆ ಕುಕ್ಕಿ ದೋಣಿಯ ಒಡಲು ತೂತು ಮಾಡಬಹುದು, ಅದಕ್ಕೇ ಅದನ್ನು ಬೇಗ ಬೇರ್ಪಡಿಸಬೇಕು. ಬೋಲ್ಟ್ ಕಟರ್ ಸಣ್ಣ ತಂತಿಗೆ ಸಾಕು, ದಪ್ಪದ್ದಕ್ಕೆ ತಂತಿಯ ತುದಿ ಹಿಡಿದಿರುವ ಕ್ಲೆವಿಸ್ ಪಿನ್ ಹೊಡೆದು ಬಿಚ್ಚುವ ಪಂಚ್, ಸುತ್ತಿಗೆ ಹತ್ತಿರವಿರಲಿ. ಗರಗಸಕ್ಕೆ ಹತ್ತಾರು ಬ್ಲೇಡ್ ಇಡಿ, ಅವೂ ಉಪ್ಪಿಗೆ ತುಕ್ಕು ಹಿಡಿಯುತ್ತವೆ. ಎಂಜಿನ್ ಹಾಕುವ ಮುನ್ನ ನೀರಿನಲ್ಲಿ ತೇಲುವ ಹಗ್ಗಗಳನ್ನೆಲ್ಲ ಎಳೆದುಕೊಳ್ಳಿ, ಪ್ರೊಪೆಲರ್‌ಗೆ ಒಂದು ಸುತ್ತಿಕೊಂಡರೂ ಸಾಕು, ಎಂಜಿನ್ ಉಪಯೋಗಕ್ಕೆ ಬರುವುದಿಲ್ಲ.