ಕೂತರೆ ತೂಕಡಿಕೆಯೇ? ಮೊದಲು ನಡೆಯಿರಿ

ಉಸಿರಿನ ಧ್ಯಾನ ಶುರು ಮಾಡಿದವರು ಹೇಳಿಕೊಳ್ಳುವ ತೊಂದರೆಗಳಲ್ಲಿ ತೂಕಡಿಕೆಯದೇ ದೊಡ್ಡ ಪಾಲು. ಕಣ್ಣು ಮುಚ್ಚಿ ಹತ್ತು ನಿಮಿಷವಾಗಿರುವುದಿಲ್ಲ, ತಲೆ ಜೋಲತೊಡಗುತ್ತದೆ. ಕೆಲವರು ಅದನ್ನೇ ಆಳವಾದ ಶಾಂತಿ ಎಂದುಕೊಂಡು ದಿನವೂ ಕೂತಲ್ಲೇ ಅರ್ಧ ಗಂಟೆ ನಿದ್ದೆ ಮಾಡಿ ಏಳುತ್ತಾರೆ. ಎದ್ದಾಗ ತಲೆ ಭಾರವಾಗಿದ್ದರೆ, ನಡುವಿನ ಹೊತ್ತು ಹೇಗೆ ಕಳೆಯಿತೆಂಬುದೇ ನೆನಪಿಲ್ಲದಿದ್ದರೆ ಅದು ಜೊಂಪು, ಸಮಾಧಿಯಲ್ಲ.

ಇದೇನೂ ಇವತ್ತಿನ ಕಾಯಿಲೆಯಲ್ಲ. ಪಾಲಿ ಗ್ರಂಥಗಳು ಹೇಳುವ ಐದು ನೀವರಣಗಳಲ್ಲಿ, ಅಂದರೆ ಧ್ಯಾನದ ಅಡ್ಡಿಗಳಲ್ಲಿ, ಥೀನಮಿದ್ಧ, ಅಂದರೆ ಜಡತೆ ಮತ್ತು ತೂಕಡಿಕೆ, ಮೂರನೆಯದು. ಬುದ್ಧನ ಅಗ್ರಶಿಷ್ಯರಲ್ಲಿ ಒಬ್ಬನಾದ ಮೊಗ್ಗಲ್ಲಾನನೇ ಮಗಧದ ಹಳ್ಳಿಯೊಂದರಲ್ಲಿ ಕೂತು ತೂಕಡಿಸುತ್ತಿದ್ದನೆಂದು ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಅಂಗುತ್ತರ ನಿಕಾಯ ಹೇಳುತ್ತದೆ. ಅಲ್ಲಿ ಬುದ್ಧ ಕೊಡುವ ಉಪಾಯಗಳು ಬಹಳ ಪ್ರಾಯೋಗಿಕ: ಯಾವುದನ್ನು ಗಮನಿಸುವಾಗ ಜೊಂಪು ಬಂತೋ ಅದನ್ನು ಬಿಡು, ಕಲಿತ ಧರ್ಮವನ್ನು ಮೆಲುಕು ಹಾಕು, ಬಾಯಿಪಾಠ ಹೇಳು, ಎರಡೂ ಕಿವಿ ಎಳೆದುಕೊಂಡು ಕೈಕಾಲು ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿ ನಕ್ಷತ್ರ ನೋಡು, ಮನಸ್ಸಿನಲ್ಲಿ ಬೆಳಕು ತಂದುಕೋ, ಹಿಂದೆ ಮುಂದೆ ನಡೆ. ಯಾವುದಕ್ಕೂ ಬಗ್ಗದಿದ್ದರೆ ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟು ಬಲಮಗ್ಗುಲಾಗಿ ಮಲಗು. ನಿದ್ದೆಯೊಡನೆ ಕುಸ್ತಿ ಮಾಡು ಎಂದು ಎಲ್ಲೂ ಇಲ್ಲ.

ರಾತ್ರಿ ಐದು ಗಂಟೆ ಮಲಗುವವರಿಗೆ ಬೇಕಾದದ್ದು ಧ್ಯಾನವಲ್ಲ, ನಿದ್ದೆ. ಸಾಕಷ್ಟು ಮಲಗಿಯೂ ಹಗಲೆಲ್ಲ ಜೊಂಪು, ರಾತ್ರಿ ಜೋರು ಗೊರಕೆ ಎಂದಾದರೆ ವೈದ್ಯರಿಗೆ ತೋರಿಸಿ. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಮಂಪರು ತರುತ್ತವೆ. ಇವು ಯಾವುವೂ ಇಲ್ಲದೆ, ಕೂತಾಗ ಮಾತ್ರ ತೂಕಡಿಕೆ ಬರುವವರ ವಿಷಯ ಬೇರೆ. ಏಕಾಗ್ರತೆ ಹೆಚ್ಚಿ ವೀರ್ಯ, ಅಂದರೆ ಪ್ರಯತ್ನದ ಚುರುಕು, ಕಡಿಮೆಯಾದರೆ ಆಲಸ್ಯ. ವೀರ್ಯ ಹೆಚ್ಚಿ ಏಕಾಗ್ರತೆ ಕಡಿಮೆಯಾದರೆ ಚಡಪಡಿಕೆ ಎನ್ನುತ್ತದೆ ಬುದ್ಧಘೋಷ ಬರೆದ ಹಳೆಯ ಧ್ಯಾನಗ್ರಂಥ ವಿಸುದ್ಧಿಮಗ್ಗ. ನಡಿಗೆ ಮೊದಲನೆಯದಕ್ಕೆ ಮದ್ದು.

ಚಂಕ್ರಮಣವನ್ನು, ಅಂದರೆ ಹಿಂದೆ ಮುಂದೆ ನಡೆಯುತ್ತ ಮಾಡುವ ಧ್ಯಾನವನ್ನು, ಕೂರಲಾಗದವರ ಕೈಲಾಗದ ಧ್ಯಾನ ಎಂದು ಕೀಳಾಗಿ ಕಾಣುವವರಿದ್ದಾರೆ. ಆದರೆ ಬೋಧಗಯೆಯ ಮಹಾಬೋಧಿ ದೇವಾಲಯದ ಉತ್ತರ ಬದಿಗೆ, ಬುದ್ಧ ನಡೆದಾಡಿದ ಜಾಗವೆಂದು ಉದ್ದನೆಯ ಕಟ್ಟೆಯನ್ನೇ ಕಟ್ಟಿ ಪೂಜಿಸುತ್ತಾರೆ. ಬರ್ಮಾದ ಧ್ಯಾನಗುರು ಮಹಾಸಿ ಸಯಾಡೊ (1904–1982) ಅವರ ಪದ್ಧತಿಯ ಶಿಬಿರಗಳಲ್ಲಿ ಒಂದು ಗಂಟೆ ಕೂತರೆ ಒಂದು ಗಂಟೆ ನಡಿಗೆ. ನಡೆಯುತ್ತ ಗಳಿಸಿದ ಸಮಾಧಿ ಬಹಳ ಹೊತ್ತು ನಿಲ್ಲುತ್ತದೆ, ತಿಂದದ್ದೂ ಚೆನ್ನಾಗಿ ಅರಗುತ್ತದೆ ಎಂಬುದು ಅಂಗುತ್ತರ ನಿಕಾಯದ್ದೇ ಮಾತು.

ಹದಿನೈದರಿಂದ ಇಪ್ಪತ್ತು ಹೆಜ್ಜೆಯ ನೇರ ಜಾಗ ಸಾಕು: ತಾರಸಿ, ವರಾಂಡ, ಅಪಾರ್ಟ್‌ಮೆಂಟಿನ ಕಾರಿಡಾರ್. ಎಂಟು ಹೆಜ್ಜೆಗಿಂತ ಕಡಿಮೆಯಾದರೆ ತಿರುಗುವುದರಲ್ಲೇ ಹೊತ್ತು ಹೋಗುತ್ತದೆ, ಕೆಲವರಿಗೆ ತಲೆಯೂ ಸುತ್ತುತ್ತದೆ. ಪಾರ್ಕಿನ ಸುತ್ತು ಬೇಡ. ನೋಡಲು ಹೊಸದೇನೂ ಇಲ್ಲದ ಹಾದಿಯೇ ಇದಕ್ಕೆ ಒಳ್ಳೆಯದು.

ಒಂದು ತುದಿಯಲ್ಲಿ ಅರ್ಧ ನಿಮಿಷ ಸುಮ್ಮನೆ ನಿಂತು, ಮೈಭಾರ ಎರಡು ಅಂಗಾಲುಗಳ ಮೇಲೆ ಎಲ್ಲೆಲ್ಲಿ ಬಿದ್ದಿದೆ ನೋಡಿಕೊಳ್ಳಿ. ಕೈಗಳನ್ನು ಮುಂದೆಯೋ ಹಿಂದೆಯೋ ಹಿಡಿದುಕೊಳ್ಳಿ. ಮೊದಲ ಐದು ನಿಮಿಷ ಮಾಮೂಲಿ ವೇಗ; ಪಾದ ನೆಲಕ್ಕೆ ತಾಗಿದಾಗ ಮನಸ್ಸಿನಲ್ಲೇ ‘ಎಡ’, ‘ಬಲ’. ನಂತರದ ಐದು ನಿಮಿಷ ವೇಗ ತುಸು ಇಳಿಸಿ, ‘ಎತ್ತು’, ‘ಇಡು’. ಕೊನೆಯ ಹತ್ತು ನಿಮಿಷ ಇನ್ನೂ ನಿಧಾನ: ‘ಎತ್ತು’, ‘ಸಾಗು’, ‘ಇಡು’. ಎತ್ತುವಾಗ ಹಿಮ್ಮಡಿ ಮೊದಲು ಏಳುತ್ತದೆ, ಭಾರ ಬೆರಳುಗಳಿಗೆ ಸರಿಯುತ್ತದೆ, ಮೀನಖಂಡ ಬಿಗಿಯುತ್ತದೆ. ಸಾಗುವಾಗ ಕಾಲು ಹಗುರ. ಇಟ್ಟಾಗ ನೆಲದ ತಂಪು, ಗಡಸು. ಗಮನಿಸಬೇಕಾದದ್ದು ಇದನ್ನು. ಪದ ಬರೀ ನೆಪ.

ಮನಸ್ಸು ಜಾರುವುದು ಹೆಚ್ಚಾಗಿ ತಿರುವಿನಲ್ಲಿ. ಆದ್ದರಿಂದ ತುದಿಗೆ ಬಂದಾಗ ಪಾದಗಳನ್ನು ಜೋಡಿಸಿ ಎರಡು ಉಸಿರು ನಿಲ್ಲಿ, ನಾಲ್ಕು ಸಣ್ಣ ಹೆಜ್ಜೆಗಳಲ್ಲಿ ತಿರುಗಿ, ಮತ್ತೆ ನಿಂತು ಹೊರಡಿ. ಒಮ್ಮೆ ಬಲಕ್ಕೆ ತಿರುಗಿದರೆ ಇನ್ನೊಮ್ಮೆ ಎಡಕ್ಕೆ.

ಪಾದಗಳನ್ನೇ ಬಗ್ಗಿ ನೋಡುತ್ತಿದ್ದರೆ ಕುತ್ತಿಗೆ ಹಿಡಿಯುತ್ತದೆ; ದೃಷ್ಟಿ ಆರಡಿ ಮುಂದಿನ ನೆಲದ ಮೇಲಿರಲಿ. ಮೊದಲ ದಿನವೇ ಆಮೆವೇಗಕ್ಕೆ ಇಳಿದರೆ ಸಮತೋಲ ತಪ್ಪುತ್ತದೆ, ಬೀಳದಿರುವುದೇ ಧ್ಯಾನವಾಗುತ್ತದೆ. ‘ಎತ್ತು’ ಎಂದು ಹೇಳಿಯಾದ ಮೇಲೆ ಕಾಲು ಎದ್ದರೆ ಅದು ಕವಾಯತು. ಪದವೂ ಚಲನೆಯೂ ಒಟ್ಟಿಗೆ ಆಗಬೇಕು. ನಡೆಯುತ್ತಲೇ ಜೊಂಪು ಬಂದರೆ ನಿಧಾನಿಸುವುದು ತಪ್ಪು, ವೇಗ ಹೆಚ್ಚಿಸಿ ‘ಎಡ, ಬಲ’ಕ್ಕೆ ಮರಳಿ. ಹೆಜ್ಜೆ ಎಣಿಸುವ ವಾಚನ್ನು ಮಾತ್ರ ದಯವಿಟ್ಟು ಬಿಚ್ಚಿಡಿ.

ಬರಿಗಾಲು ಒಳ್ಳೆಯದು, ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮೆತ್ತನೆಯ ಚಪ್ಪಲಿ ಹಾಕಲೇಬೇಕು. ಸೋಣ ಎಂಬ ಭಿಕ್ಷು ಅಂಗಾಲು ಒಡೆದು ಹಾದಿಯೆಲ್ಲ ರಕ್ತವಾಗುವಷ್ಟು ನಡೆದ. ವೀಣೆಯ ತಂತಿ ಅತಿ ಬಿಗಿಯಾದರೂ ಸಡಿಲವಾದರೂ ನುಡಿಯದು ಎಂದು ಬುದ್ಧ ಹೇಳಿದ್ದು ಅವನಿಗೇ. ಭಿಕ್ಷುಗಳಿಗೆ ಪಾದರಕ್ಷೆಯ ಅನುಮತಿ ಸಿಕ್ಕಿದ್ದೂ ಅದೇ ಪ್ರಸಂಗದಲ್ಲಿ. ತಲೆಸುತ್ತು ಬರುವವರು ಗೋಡೆಗೆ ಕೈ ಎಟುಕುವಂತೆ ನಡೆಯಲಿ.

ಇಪ್ಪತ್ತು ನಿಮಿಷ ಮುಗಿದ ಮೇಲೆ ನಡುವೆ ಮೊಬೈಲ್ ಮುಟ್ಟದೆ ನೇರ ಆಸನಕ್ಕೆ ಹೋಗಿ. ಮಂಡಿ ಮಡಚುವುದು, ಸೊಂಟ ತಾಗುವುದು ಎಲ್ಲವೂ ಗಮನದಲ್ಲೇ ಇರಲಿ. ಮೊದಲ ವಾರ ಹತ್ತು ನಿಮಿಷ ಮಾತ್ರ ಕೂರಿ. ಜೊಂಪು ಬರದೆ ಹತ್ತು ದಾಟಿದರೆ ಹದಿನೈದು ಮಾಡಿ. ಮತ್ತೆ ತಲೆ ಜೋಲಿದರೆ ಕಣ್ಣು ಅರ್ಧ ತೆರೆಯಿರಿ, ಅದೂ ಸಾಲದಿದ್ದರೆ ಎದ್ದು ಇನ್ನೊಂದು ಐದು ನಿಮಿಷ ನಡೆಯಿರಿ.