ಉಪ್ಪೋ, ಸಪ್ಪೆಯೋ?

ಕಳೆದ ಜನವರಿಯ ಒಂದು ಬೆಳಿಗ್ಗೆ, ಮಲೇಷ್ಯಾದ ಲಂಕಾವಿ ದ್ವೀಪದ ತೆಲಗಾ ಬಂದರಿನ ಹೊರಗೆ ಲಂಗರು ಹಾಕಿದ್ದ ಹನ್ನೆರಡು ಮೀಟರ್ ಉದ್ದದ ಹಾಯಿದೋಣಿಯೊಂದರಿಂದ ನನಗೆ ಕರೆ ಬಂತು. ನಾಲ್ಕು ದಿನದ ಹಿಂದೆ ತುಂಬಿಸಿಕೊಂಡಿದ್ದ 400 ಲೀಟರ್ ಸಿಹಿನೀರು ಖಾಲಿ. ಒಳಗಿದ್ದವರು ಗಂಡ ಹೆಂಡತಿ ಇಬ್ಬರೇ. ಅರವತ್ತು ದಾಟಿದವರು, ಆರು ವರ್ಷದಿಂದ ದೋಣಿಯಲ್ಲೇ ಸಂಸಾರ. ನಾನು ಹತ್ತುವ ಹೊತ್ತಿಗೆ ನೀರಿನ ಚಿಂತೆಗಿಂತ ಒಬ್ಬರ ಮೇಲೊಬ್ಬರ ಗುಮಾನಿ ದೊಡ್ಡದಾಗಿತ್ತು. ನಲ್ಲಿ ಬಿಟ್ಟುಕೊಂಡೇ ತಟ್ಟೆ ತೊಳೆಯುತ್ತಾರೆಂದು ಅವರು ಇವರ ಮೇಲೆ, ಕೂದಲಿಗೆ ಎರಡೆರಡು ಸಲ ನೀರು ಹೊಯ್ದುಕೊಳ್ಳುತ್ತಾರೆಂದು ಇವರು ಅವರ ಮೇಲೆ.

ನೆಲದ ಹಲಗೆ ಎತ್ತಿದೆ. ಅದರ ಕೆಳಗೆ, ದೋಣಿಯ ಅತಿ ತಗ್ಗಿನ ಜಾಗಕ್ಕೆ ಬಿಲ್ಜ್ ಎನ್ನುತ್ತಾರೆ. ಒಳಗೆ ಚೆಲ್ಲಿದ್ದು, ಸೋರಿದ್ದು, ಬಿದ್ದು ಕಳೆದುಹೋದ ತಿರುಪು ಎಲ್ಲವೂ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಅರ್ಧ ಚೊಂಬಿನಷ್ಟು ನೀರು ನಿಂತಿತ್ತು. ಮೊದಲು ಮೂಸಿದೆ, ಡೀಸೆಲ್ ವಾಸನೆ ಇರಲಿಲ್ಲ. ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿದೆ. ಆಕೆ ಮುಖ ಸಿಂಡರಿಸಿದರು. ಸಪ್ಪೆ. ಅಂದರೆ ದೋಣಿಯ ಮೈಗೆ ತೂತು ಬಿದ್ದಿಲ್ಲ, ಟ್ಯಾಂಕಿನ ನೀರೇ ಒಳಗೆ ಸೋರುತ್ತಿದೆ. ಉಪ್ಪಾಗಿದ್ದರೆ ಮುಖ ಸಿಂಡರಿಸಿಕೊಳ್ಳಲು ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ.

ಈ ದ್ವೀಪದಲ್ಲಿ ಹಾಯಿದೋಣಿಗಳ ನೀರು, ವಿದ್ಯುತ್ತು ಸರಿಮಾಡುವ ಕೆಲಸ ಮಾಡುತ್ತ ನನಗೆ ಹನ್ನೊಂದು ವರ್ಷವಾಯಿತು. ಅದರಲ್ಲಿ ನಾಲ್ಕು ವರ್ಷ ನಾನೂ ದೋಣಿಯಲ್ಲೇ ಮಲಗಿ ಎದ್ದವನು. ಕಡಲ ಸಂಸಾರವೆಂದರೆ ಊರಿನಲ್ಲಿ ಎಲ್ಲರೂ ಕೇಳುವುದು ತೂಫಾನಿನ ಬಗ್ಗೆ. ಕುಂದಾಪುರದ ನಮ್ಮ ಅಮ್ಮ ಮಾತ್ರ ಫೋನಿನಲ್ಲಿ ಇವತ್ತಿಗೂ ಕೇಳುವುದು, “ಸ್ನಾನಕ್ಕೆ ನೀರು ಉಂಟಾ ಮಗಾ?” ಎಂದು. ಸರಿಯಾದ ಪ್ರಶ್ನೆ ಅದು.

ಆ ದೋಣಿಯ ಕಥೆ ಮುಗಿಸುತ್ತೇನೆ. ನಲ್ಲಿ ತಿರುಗಿಸಿದ ಕೂಡಲೇ ನೀರು ಬರಲೆಂದು ದೋಣಿಗಳಲ್ಲಿ 12 ವೋಲ್ಟಿನ ಸಣ್ಣ ಪಂಪ್ ಇರುತ್ತದೆ. ಕೊಳವೆಯೊಳಗೆ ಒತ್ತಡ ಇಳಿದರೆ ಅದು ತಾನಾಗಿ ಓಡುತ್ತದೆ, ಒತ್ತಡ ಏರಿದರೆ ನಿಲ್ಲುತ್ತದೆ. ಬಚ್ಚಲಿಗೆ ಹೋಗುವ ಕೊಳವೆಯ ಕ್ಲಿಪ್ ಒಂದು ತುಕ್ಕು ಹಿಡಿದು ಸಡಿಲಾಗಿತ್ತು. ಸೋರುತ್ತಿದ್ದದ್ದು ನಿಮಿಷಕ್ಕೆ 50 ಮಿಲಿಲೀಟರಿನಷ್ಟು, ಔಷಧದ ಶೀಶೆಯ ಅರ್ಧ. ಪಂಪ್ ಆರೇಳು ನಿಮಿಷಕ್ಕೊಮ್ಮೆ ಎರಡು ಸೆಕೆಂಡು ಟರ್ರ್ ಎಂದು ಸುಮ್ಮನಾಗುತ್ತಿತ್ತು. ದಿನಕ್ಕೆ ಎಪ್ಪತ್ತು ಲೀಟರಿನ ಮೇಲಾಯಿತು. ಬಿಲ್ಜಿನಲ್ಲಿ ನೀರು ಏರಿದರೆ ಎತ್ತಿ ಹೊರಗೆಸೆಯಲು ಇನ್ನೊಂದು ಪಂಪ್ ಇದೆಯಲ್ಲ, ಅದು ನಿಷ್ಠೆಯಿಂದ ಆ ಸಿಹಿನೀರನ್ನೆಲ್ಲ ಅಂಡಮಾನ್ ಸಮುದ್ರಕ್ಕೆ ಚೆಲ್ಲಿ ಕೈತೊಳೆದುಕೊಂಡಿತ್ತು. ಇಬ್ಬರೂ ರಾತ್ರಿ ತಲೆಯ ಹತ್ತಿರ ಫ್ಯಾನ್ ಹಾಕಿಕೊಂಡು ಮಲಗುವವರು, ಟರ್ರ್ ಕೇಳಿಸಿಲ್ಲ. ಹೊಸ ಕ್ಲಿಪ್ಪಿಗೆ ಆದ ಖರ್ಚು ಒಂದು ಕಾಫಿಗಿಂತ ಕಡಿಮೆ. ಯಾರೂ ನೀರು ಬಳಸದಿದ್ದಾಗ ಪಂಪ್ ಸದ್ದು ಕೇಳಿದರೆ ಎದ್ದು ಹಲಗೆ ಎತ್ತಿ ಎಂದು ಹೇಳಿ ಬಂದೆ. ರಾತ್ರಿ ಮಲಗುವಾಗ ನಲ್ಲಿಗೆ ನೀರು ಕೊಡುವ ಆ ಪಂಪಿನ ಸ್ವಿಚ್ಚನ್ನೇ ಆರಿಸಿಬಿಡುವುದು ಅದಕ್ಕಿಂತ ಒಳ್ಳೆಯದು. ಆದರೆ ನಡುರಾತ್ರಿ ಕತ್ತಲಲ್ಲಿ ಸ್ವಿಚ್ ಹುಡುಕಲು ಬೇಸರವೆಂದು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ.

ಇಬ್ಬರೇ ಇರುವ ದೋಣಿಗೆ ದಿನಕ್ಕೆ ಮೂವತ್ತು ಲೀಟರ್ ಸಿಹಿನೀರು ಸಾಕು ಎಂದರೆ ಊರಿನವರು ನಂಬುವುದಿಲ್ಲ. ಸ್ನಾನ ಹೀಗೆ: ಹಿಂಬದಿಯ ಏಣಿ ಇಳಿದು ಕಡಲಿನಲ್ಲಿ ಒಂದು ಮುಳುಗು, ಮೇಲೆ ಬಂದು ಶಾಂಪೂವಿನಲ್ಲೇ ಮೈ ಉಜ್ಜುವುದು, ಮತ್ತೆ ಒಂದು ಮುಳುಗು, ಕೊನೆಗೆ ತೋಟಕ್ಕೆ ಔಷಧ ಹೊಡೆಯುವಂಥ ಕೈಪಂಪಿನಿಂದ ಎರಡು ಲೀಟರ್ ಸಿಹಿನೀರು. ಸೋಪು ಉಪ್ಪುನೀರಿನಲ್ಲಿ ನೊರೆ ಬಿಡುವುದಿಲ್ಲ, ಅದಕ್ಕೇ ಶಾಂಪೂ. ಕೊನೆಯ ಆ ಎರಡು ಲೀಟರನ್ನು ಉಳಿಸಲು ಹೋದವರು ಪಶ್ಚಾತ್ತಾಪ ಪಡುತ್ತಾರೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪುಮೈಯಲ್ಲಿ ಮಲಗಿದ ಹಾಸಿಗೆ ಮತ್ತೆ ಒಣಗುವುದೇ ಇಲ್ಲ, ಒಣಗದ ಹಾಸಿಗೆಗೆ ಎರಡು ವಾರದಲ್ಲಿ ಬೂಷ್ಟು. ಪಾತ್ರೆಗೆ ಕಾಲಿನಿಂದ ತುಳಿಯುವ ಸಮುದ್ರದ ನೀರಿನ ಪಂಪ್ ಬೇರೆ ಇರುತ್ತದೆ. ಅದರಲ್ಲೇ ಉಜ್ಜಿ ತೊಳೆದು ಕಡೆಯಲ್ಲಿ ಒಂದು ಲೋಟ ಸಿಹಿನೀರು.

ಇನ್ನು ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಡೆಕ್ಕಿನ ಮೇಲೆ ಬಿಸಿಲಿಗೆ ಕಟ್ಟುವ ಎಂಟು ಚದರ ಮೀಟರಿನ ಬಟ್ಟೆಯ ಚಪ್ಪರಕ್ಕೆ ನಡುವೆ ತೂತು ಮಾಡಿ ಕೊಳವೆ ಹೊಲಿದರೆ, ಹತ್ತು ಮಿಲಿಮೀಟರ್ ಮಳೆಗೆ ಎಂಬತ್ತು ಲೀಟರ್. ಮೊದಲ ಐದು ನಿಮಿಷದ ನೀರನ್ನು ಹರಿಯಬಿಡಬೇಕು, ಬಟ್ಟೆಯ ಉಪ್ಪೆಲ್ಲ ಅದರಲ್ಲಿ ಹೋಗುತ್ತದೆ. ಹೋಯಿತೋ ಇಲ್ಲವೋ ಎಂದು ತಿಳಿಯಲು ಇಲ್ಲಿಯೂ ನಾಲಿಗೆಯೇ ಮೀಟರು.

ಈಗ ಬಹುತೇಕ ದೋಣಿಗಳಲ್ಲಿ ಕಡಲ ನೀರನ್ನು ಸಿಹಿ ಮಾಡುವ ಯಂತ್ರವಿದೆ. ನಿಮ್ಮ ಅಡುಗೆಮನೆಯ ಆರ್‌ಒ ಫಿಲ್ಟರಿನ ದಾಯಾದಿ, ಆದರೆ ಒತ್ತಡ ಸುಮಾರು 55 ಬಾರ್, ಗಾಳಿಯ ಒತ್ತಡದ ಐವತ್ತು ಪಟ್ಟಿಗೂ ಹೆಚ್ಚು. ಸಣ್ಣ ಯಂತ್ರ ಗಂಟೆಗೆ ಇಪ್ಪತ್ತೈದು ಲೀಟರ್ ಕೊಡುತ್ತದೆ, ಬ್ಯಾಟರಿಯಿಂದ ಹತ್ತು ಆಂಪಿಯರ್ ತಿನ್ನುತ್ತದೆ. ನನ್ನ ಹೊಟ್ಟೆಪಾಡು ಬಹುಮಟ್ಟಿಗೆ ಈ ಯಂತ್ರದಿಂದಲೇ ನಡೆಯುತ್ತಿದೆಯಾದ್ದರಿಂದ ಬಯ್ಯಬಾರದು. ಆದರೂ ಹೇಳುತ್ತೇನೆ, ಇದನ್ನು ಕೆಡಿಸುವವರಲ್ಲಿ ಹೆಚ್ಚಿನವರು ಅತಿ ಜಾಣರು. ಒಬ್ಬರು ಕಿಲಿಮ್ ನದಿಯ ಕಾಂಡ್ಲಾ ಕಾಡಿನ ನಡುವೆ, ಕೆಸರು ನೀರಿನಲ್ಲಿ ಓಡಿಸಿ ಫಿಲ್ಟರ್ ಕಟ್ಟಿಹೋಗುವಂತೆ ಮಾಡಿಕೊಂಡರು. ಇನ್ನೊಬ್ಬರು ಯಂತ್ರ ತೊಳೆಯುವುದೆಂದು ಬಂದರಿನ ನಲ್ಲಿಯ ಕ್ಲೋರಿನ್ ನೀರು ಹಾಯಿಸಿ ಒಳಗಿನ ಪೊರೆಯನ್ನೇ ಸುಟ್ಟುಕೊಂಡರು. ಮೂರನೆಯವರು ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದರು. ಒಳಗೆ ನಿಂತ ನೀರು ಕೊಳೆತು, ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ನಾತ. ತಿಳಿಯಾದ ಕಡಲಿನಲ್ಲಿ, ಎರಡು ಮೂರು ದಿನಕ್ಕೊಮ್ಮೆ ಓಡಿಸಿ, ಕೊನೆಗೆ ಅದೇ ಮಾಡಿದ ಸಿಹಿನೀರಿನಲ್ಲಿ ತೊಳೆದರೆ ಅದು ನನ್ನನ್ನು ಕರೆಸುವುದಿಲ್ಲ.

ಹತ್ತು ಆಂಪಿಯರ್ ಎಂದೆನಲ್ಲ, ಅದು ಸಣ್ಣ ಮಾತಲ್ಲ. ಇಲ್ಲಿ ಕಡಲ ನೀರೇ ಇಪ್ಪತ್ತೊಂಬತ್ತು ಮೂವತ್ತು ಡಿಗ್ರಿ. ಆ ನೀರಿನಲ್ಲಿ ತೇಲುತ್ತ ತಣ್ಣಗಿರಬೇಕಾದ ಫ್ರಿಜ್ ದಿನಕ್ಕೆ ಅರವತ್ತು ಆಂಪಿಯರ್-ಗಂಟೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು) ಎಳೆಯುತ್ತದೆ. ಫ್ಯಾನು, ದೀಪ, ಫೋನು, ರಾತ್ರಿಯಿಡೀ ಹಾಯಿಕಂಬದ ತುದಿಯಲ್ಲಿ ಉರಿಯಬೇಕಾದ ಲಂಗರು ದೀಪ ಸೇರಿದರೆ ನೂರು ದಾಟುತ್ತದೆ. 400 ವಾಟಿನ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು ನೂರಿಪ್ಪತ್ತರ ಆಸುಪಾಸು. ಇದು ತಿಂಗಳ ಸಂಬಳಕ್ಕೆ ಸರಿಯಾಗಿ ಖರ್ಚಿರುವ ಮನೆಯ ಹಾಗೆ. ಎರಡು ದಿನ ಮೋಡ ಕವಿದರೆ ಸಾಲ. ಹಾಯಿಯ ಒಂದು ಹಗ್ಗದ ನೆರಳು ಪ್ಯಾನೆಲ್ ಮೇಲೆ ಬಿದ್ದರೂ ಕರೆಂಟ್ ತಟ್ಟನೆ ಇಳಿಯುತ್ತದೆ. ಆ ಹಗ್ಗವನ್ನು ಒಂದು ಗೇಣು ಪಕ್ಕಕ್ಕೆ ಕಟ್ಟಿ “ರಿಪೇರಿ” ಮುಗಿಸಿ, ಕೂಲಿ ಕೇಳಲು ನಾಚಿಕೆಯಾಗಿ ಚಹಾ ಕುಡಿದು ಬಂದದ್ದೂ ಉಂಟು.

ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ಬ್ಯಾಟರಿಯ ವೋಲ್ಟ್ ನೋಡುತ್ತಾರೆ. ಹಳೆಯ ಸೀಸದ ಬ್ಯಾಟರಿಯಾದರೆ ಹೊರೆಯಿಲ್ಲದಾಗ 12.7 ಎಂದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ. ಅರ್ಧದ ಕೆಳಗೆ ದಿನಾ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಲಿಥಿಯಂ ಬಂದ ಮೇಲೆ ಈ ಚಿಂತೆ ಕಡಿಮೆಯಾಗಿದೆ. ಫ್ರಿಜ್ಜಿಗೆ ಮಾತ್ರ ಈಗಲೂ ಶಿಸ್ತು ಬೇಕು. ಇಲ್ಲಿನ ಒಳ್ಳೆಯ ಫ್ರಿಜ್ ಪೆಟ್ಟಿಗೆಯ ಹಾಗೆ ಮೇಲಿನಿಂದ ತೆರೆಯುವಂಥದ್ದು. ತಂಪುಗಾಳಿ ಭಾರ, ಮುಂದಿನ ಬಾಗಿಲು ತೆರೆದರೆ ಕಾಲಿನ ಮೇಲೆ ಸುರಿದುಹೋಗುತ್ತದೆ. ಮುಚ್ಚಳದ ಒಳಮೈಗೆ ಯಾವ ಮೂಲೆಯಲ್ಲಿ ಏನಿದೆ ಎಂದು ಚೀಟಿ ಅಂಟಿಸಿ, ಹಾಲು, ಬೆಣ್ಣೆ, ಮೀನು ಮೂರನ್ನೂ ಒಂದೇ ಸಲ ತೆಗೆಯುವವರನ್ನು ಕಂಡರೆ ನನಗೆ ಗೌರವ.

ಮನೆಗೆ ಬಳಸುವ ತಾಮ್ರದ ತಂತಿಯನ್ನು ದೋಣಿಗೆ ಹಾಕಬೇಡಿ ಎಂದು ನಾನು ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಉಪ್ಪುಗಾಳಿ ಪ್ಲಾಸ್ಟಿಕ್ ಹೊದಿಕೆಯೊಳಗೇ ನುಗ್ಗಿ ತಾಮ್ರವನ್ನು ಕಪ್ಪಾಗಿಸುತ್ತದೆ. ತವರದ ಕಲಾಯಿ ಮಾಡಿದ ತಂತಿಯೇ ಬೇಕು. ನಮ್ಮಜ್ಜಿ ಹುಳಿ ಮಾಡುವ ಹಿತ್ತಾಳೆ ಪಾತ್ರೆಗೆ ಕಲಾಯಿ ಯಾಕೆ ಹಾಕಿಸುತ್ತಿದ್ದರೆಂದು ನೆನಪಿದ್ದರೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಅಡುಗೆಯ ವಿಷಯದಲ್ಲಿ ನಾವು ಭಾರತೀಯರು ಇಲ್ಲಿ ಗುರುಸ್ಥಾನದಲ್ಲಿದ್ದೇವೆ, ಪ್ರೆಷರ್ ಕುಕ್ಕರಿನ ಕಾರಣಕ್ಕೆ. ಗ್ಯಾಸು ಉಳಿಯುತ್ತದೆ, ಕ್ಯಾಬಿನ್ನಿಗೆ ಹಬೆ ಕಡಿಮೆ, ಅಲೆಗೆ ಉರುಳಿದರೂ ಬಿಗಿದ ಮುಚ್ಚಳದಿಂದ ಬೇಳೆ ಹೊರಗೆ ಬರುವುದಿಲ್ಲ. ದೋಸೆ ಹಿಟ್ಟು ಇಲ್ಲಿನ ಸೆಕೆಗೆ ಐದಾರು ಗಂಟೆಯಲ್ಲಿ ಉಬ್ಬುತ್ತದೆ. ಪಾತ್ರೆ ಅರ್ಧ ತುಂಬಿದ್ದರೆ ಕ್ಷೇಮ, ಮುಕ್ಕಾಲಾದರೆ ಬೆಳಿಗ್ಗೆ ಹಿಟ್ಟು ಬಿಲ್ಜಿನಲ್ಲಿ ಸಿಗುತ್ತದೆ. ಎಲೆಕೋಸು ಮೂರು ವಾರ ಬಾಳುತ್ತದೆ. ಫ್ರಿಜ್ಜಿಗೆ ಹೋಗದ, ತೊಳೆಯದ ಮೊಟ್ಟೆಯೂ ಅಷ್ಟೇ, ಎರಡು ಮೂರು ದಿನಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದರೆ. ರಟ್ಟಿನ ಪೆಟ್ಟಿಗೆಯನ್ನು ದೋಣಿಗೆ ಹತ್ತಿಸುವುದು ಮಾತ್ರ ಮಹಾಪರಾಧ. ಅದರ ಪದರಗಳಲ್ಲಿ ಜಿರಲೆ ಮೊಟ್ಟೆ ಇಟ್ಟಿರುತ್ತದೆ. ಕುವಾ ಪೇಟೆಯಿಂದ ಸಾಮಾನು ತಂದವರು ಜೆಟ್ಟಿಯಲ್ಲೇ ರಟ್ಟು ಹರಿದು ಎಸೆದು, ಬಾಳೆಗೊನೆಯನ್ನು ಕಡಲಿನಲ್ಲಿ ಅದ್ದಿ ಒಳಗೆ ಒಯ್ಯುತ್ತಾರೆ.

ಗ್ಯಾಸ್ ಸಿಲಿಂಡರ್ ಇಡಲು ಹೊರಗೆ ಪ್ರತ್ಯೇಕ ಗೂಡು, ಅದರ ತಳದಿಂದ ಕಡಲಿಗೆ ನೇರ ಕಿಂಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನ ಕೆಳಗಿನಿಂದಾದರೂ ಹೊರಗೆ ಹೋದೀತು. ದೋಣಿಯಲ್ಲಿ ಸೋರಿದರೆ ಅದೇ ಬಿಲ್ಜಿಗೆ ಇಳಿದು ಕೂರುತ್ತದೆ, ಯಾವುದೋ ಪಂಪಿನ ಕಿಡಿಗೆ ಕಾಯುತ್ತ. ಅಡುಗೆ ಮುಗಿದ ಮೇಲೆ ಸ್ಟೌವ್ ಆರಿಸಿದರೆ ಸಾಲದು, ಸಿಲಿಂಡರಿನ ಬಳಿಯೇ ಮುಚ್ಚಬೇಕು. ಈ ಒಂದು ವಿಷಯದಲ್ಲಿ ನಾನು ಗಿರಾಕಿಗಳೊಂದಿಗೆ ಜಗಳಕ್ಕೂ ನಿಲ್ಲುತ್ತೇನೆ.

ಲಂಗರಿನ ಲೆಕ್ಕ ನನ್ನ ಕಸುಬಲ್ಲ, ಆದರೆ ನಿದ್ದೆ ಅದರ ಮೇಲೆ ನಿಂತಿದೆ. ಇಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಇಳಿತದ ಅಂತರ ಸುಮಾರು ಮೂರು ಮೀಟರ್. ಇಳಿತದಲ್ಲಿ ಆರು ಮೀಟರ್ ಆಳ ನೋಡಿ ಲಂಗರು ಇಳಿಸಿದರೆ, ಉಬ್ಬರದ ಮೂರು, ನೀರಿನಿಂದ ದೋಣಿಯ ಮೂತಿಯವರೆಗಿನ ಒಂದೂವರೆ ಸೇರಿಸಿ ಹತ್ತೂವರೆಯಾಗುತ್ತದೆ. ಅದರ ಐದು ಪಟ್ಟು, ಅಂದರೆ ಐವತ್ತೆರಡೂವರೆ ಮೀಟರ್ ಸರಪಳಿ ಬಿಡಬೇಕು. ಬಿಟ್ಟ ಮೇಲೆ ಎಂಜಿನ್ನನ್ನು ಹಿಮ್ಮುಖ ಓಡಿಸಿ, ಸರಪಳಿಯ ಮೇಲೆ ಬರಿಗಾಲಿಟ್ಟು ನಿಲ್ಲಿ. ಲಂಗರು ಕಚ್ಚಿದ್ದರೆ ಸರಪಳಿ ಬಿಗಿದು ಸುಮ್ಮನಿರುತ್ತದೆ. ಎಳೆದುಕೊಂಡು ಹೋಗುತ್ತಿದ್ದರೆ ಪಾದಕ್ಕೆ ಗಡಗಡ ತಿಳಿಯುತ್ತದೆ, ಕಲ್ಲುರಸ್ತೆಯಲ್ಲಿ ಎತ್ತಿನ ಗಾಡಿ ಹೋದ ಹಾಗೆ. ಮೊಬೈಲಿನಲ್ಲಿ ಇದಕ್ಕೂ ಆ್ಯಪ್ ಇದೆ. ಅದು ಕೂಗಿಕೊಳ್ಳುವುದು ದೋಣಿ ಹೊರಟ ಮೇಲೆ.

ಮಲಾಕಾ ಜಲಸಂಧಿಯ ಕಡೆ, ನೈಋತ್ಯ ಮಾನ್ಸೂನಿನ ತಿಂಗಳುಗಳಲ್ಲಿ, ನಸುಕಿನ ಹೊತ್ತಿಗೆ ಪಡುವಣದಿಂದ ಒಂದು ಕಪ್ಪು ಗೆರೆ ಏಳುತ್ತದೆ. ಸುಮಾತ್ರ ಎಂದೇ ಅದರ ಹೆಸರು. ಹತ್ತು ನಿಮಿಷದಲ್ಲಿ ಗಾಳಿ ಶೂನ್ಯದಿಂದ ಗಂಟೆಗೆ ಐವತ್ತೈದು ಎಪ್ಪತ್ತೈದು ಕಿಲೋಮೀಟರಿಗೆ, ಅಂದರೆ ಮೂವತ್ತು ನಲವತ್ತು ನಾಟ್‌ಗೆ ಏರುತ್ತದೆ, ಜೊತೆಗೆ ಸಿಡಿಲು. ಸುತ್ತಲಿನ ನೀರಿನಲ್ಲಿ ಅತಿ ಎತ್ತರದ ವಸ್ತು ನಿಮ್ಮದೇ ಅಲ್ಯೂಮಿನಿಯಂ ಕಂಬ. ಆಗ ಎಲ್ಲರೂ ಮಾಡುವ ಕೆಲಸವೊಂದಿದೆ: ಫೋನು, ಲ್ಯಾಪ್‌ಟಾಪು, ಕೈಯಲ್ಲಿ ಹಿಡಿಯುವ ಜಿಪಿಎಸ್ಸು ಎಲ್ಲವನ್ನೂ ಒಲೆಯ ಕೆಳಗಿನ ಓವನ್ನಿಗೆ ತುರುಕುವುದು. ಸುತ್ತ ಲೋಹದ ಪೆಟ್ಟಿಗೆ ಇದ್ದರೆ ಸಿಡಿಲಿನ ಹೊಡೆತ ಒಳಗಿನದಕ್ಕೆ ತಟ್ಟುವ ಸಂಭವ ಕಡಿಮೆ. ಬೆಳಗಾದ ಮೇಲೆ ಮರೆತು ಬ್ರೆಡ್ಡಿಗೆಂದು ಓವನ್ ಹಚ್ಚಿದ ಮಹಾನುಭಾವರೊಬ್ಬರ ಜಿಪಿಎಸ್ ನನ್ನ ಅಂಗಡಿಯ ಕಪಾಟಿನಲ್ಲಿದೆ. ಸಿಡಿಲು ಅದಕ್ಕೆ ಏನೂ ಮಾಡಿರಲಿಲ್ಲ.

ಆ ದಂಪತಿ ನೀರು ತುಂಬಿಸಿಕೊಂಡು ಥಾಯ್ಲೆಂಡಿನ ಫುಕೆಟ್ ಕಡೆಗೆ ಹೊರಟರು, ಸುಮಾರು 120 ನಾಟಿಕಲ್ ಮೈಲಿ, ದ್ವೀಪದಿಂದ ದ್ವೀಪಕ್ಕೆ ನಿಲ್ಲುತ್ತ. ದಾರಿಯಲ್ಲಿರುವ ಕೊ ಲಿಪೆ ದ್ವೀಪದಿಂದ ಎರಡು ವಾರದ ಮೇಲೆ ಸಂದೇಶ ಬಂತು. ರಾತ್ರಿ ಎರಡಕ್ಕೆ ಪಂಪ್ ಟರ್ರ್ ಎಂದಿತಂತೆ. ಇಬ್ಬರೂ ದಡಬಡಿಸಿ ಎದ್ದು, ಟಾರ್ಚ್ ಹಿಡಿದು, ಹಲಗೆ ಎತ್ತಿ, ಈ ಸಲ ಆಕೆಯೇ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳಲು ನೋಡಿದರೆ ಬಿಲ್ಜ್ ಒಣಗಿತ್ತು. ರಜೆಗೆ ಬಂದಿದ್ದ ಮೊಮ್ಮಗಳು ಅಡುಗೆಮನೆಯ ಕತ್ತಲಲ್ಲಿ ಲೋಟ ಹಿಡಿದು ನಿಂತಿದ್ದಳಂತೆ, ಬಾಯಾರಿಕೆಯಾಯಿತೆಂದು.